ಕಾರಿನ ಸಬ್‌ವೂಫರ್: ಚೀಟಿಯ ಮೇಲಿನ ವ್ಯಾಟ್, ಒಳಗಿನ ಸುರುಳಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವೆನಿಸಿರುವ ಸಿಂಧನೂರು ತಾಲ್ಲೂಕಿನಲ್ಲಿ ಟ್ರ್ಯಾಕ್ಟರಿಗೆ ಸ್ಪೀಕರ್ ಕಟ್ಟಿಸುವುದಾಗಲಿ, ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ ಕೂರಿಸುವುದಾಗಲಿ ಹೊಸತೇನಲ್ಲ. ಆದರೆ ಸಾಲಗುಂದದಂತಹ ಊರುಗಳಲ್ಲಿ ಈ ಹವ್ಯಾಸಕ್ಕೆ ಎರಡು ಶತ್ರುಗಳಿವೆ. ಒಂದು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇನ್ನೊಂದು, ಎರೆಭೂಮಿಯ ಧೂಳು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಐದು ನಿಮಿಷ ಕೇಳಿ ಮೆಚ್ಚಿ ತಂದ ಸಬ್‌ವೂಫರ್ ಇಲ್ಲಿ ಎಷ್ಟು ಬೇಸಿಗೆ ಬಾಳುತ್ತದೆ ಎಂಬುದು ಅದರ ಕಟ್ಟೋಣವನ್ನು ಅವಲಂಬಿಸಿದೆಯೇ ಹೊರತು ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟ್ ಸಂಖ್ಯೆಯನ್ನಲ್ಲ.

ಸುಮಾರು 20ರಿಂದ 100 ಹರ್ಟ್ಜ್‌ವರೆಗಿನ ಮಂದ್ರ ಧ್ವನಿಯನ್ನು ಮಾತ್ರ ಹೊರಡಿಸುವ ಧ್ವನಿವರ್ಧಕವೇ ಸಬ್‌ವೂಫರ್. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ವಿವರಿಸಿದ ಚಲಿಸುವ ಸುರುಳಿಯ ತತ್ವವೇ ಇಂದಿಗೂ ಇದರ ತಳಹದಿ. ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಹಿಂದೆ ಮುಂದೆ ಚಲಿಸಿ ಕೋನ್ ಅನ್ನು ತಳ್ಳುತ್ತದೆ. ಕೋನಿನ ಅಂಚಿನಲ್ಲಿರುವ ಉಬ್ಬಿದ ಪಟ್ಟಿಗೆ ಸರೌಂಡ್ ಎಂದು ಹೆಸರು. ಸುರುಳಿಯನ್ನು ಸಂದಿನ ನಡುಮಧ್ಯದಲ್ಲಿ ಹಿಡಿದಿಡುವ ಸುಕ್ಕು ಸುಕ್ಕಾದ ಬಟ್ಟೆಯ ತಟ್ಟೆಯೇ ಸ್ಪೈಡರ್.

ಸುರುಳಿಗೆ ಹರಿದ ವಿದ್ಯುತ್ತಿನಲ್ಲಿ ಧ್ವನಿಯಾಗುವುದು ಅತ್ಯಲ್ಪ ಭಾಗ. ಉಳಿದದ್ದೆಲ್ಲ ಶಾಖ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ 0.39ರಷ್ಟು ಏರುತ್ತದೆ, ಸುರುಳಿ 100 ಡಿಗ್ರಿ ಹೆಚ್ಚು ಕಾಯ್ದರೆ ರೋಧ ಶೇ 39ರಷ್ಟು ಹೆಚ್ಚುತ್ತದೆ. ಹಾಡು ಮುಂದುವರಿದಂತೆ ಬೇಸ್ ಸೊರಗಿದಂತೆ ಕೇಳಿಸುವುದಕ್ಕೆ ಇದೇ ಕಾರಣ. ಆಗ ಮಾಲೀಕ ವಾಲ್ಯೂಮ್ ಏರಿಸುತ್ತಾನೆ, ಸುರುಳಿ ಮತ್ತಷ್ಟು ಕಾಯುತ್ತದೆ, ಕೊನೆಗೆ ಅಂಟು ಬಿಟ್ಟು ತಂತಿ ಸಡಿಲಗೊಳ್ಳುತ್ತದೆ. ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಉಷ್ಣಾಂಶ 60 ಡಿಗ್ರಿ ಮೀರಬಹುದು. ಅಂದರೆ ಈ ಸೀಮೆಯಲ್ಲಿ ಸುರುಳಿಯ ಕಷ್ಟ ಹಾಡು ಆರಂಭವಾಗುವ ಮೊದಲೇ ಆರಂಭವಾಗಿರುತ್ತದೆ. ದೊಡ್ಡ ವ್ಯಾಸದ ಸುರುಳಿ ಮತ್ತು ಅಯಸ್ಕಾಂತದ ಹಿಂಬದಿಯ ಗಾಳಿರಂಧ್ರ ಶಾಖವನ್ನು ಬೇಗ ಹೊರಹಾಕುತ್ತವೆ. ಆದರೆ ಆ ರಂಧ್ರದ ಮೇಲೆ ಜಾಲರಿ ಇಲ್ಲದಿದ್ದರೆ ಧೂಳು ಒಳಸೇರಿ ಸುರುಳಿಯನ್ನು ಉಜ್ಜತೊಡಗುತ್ತದೆ.

ಫೋಮಿನ ಸರೌಂಡ್ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ರಬ್ಬರಿನದು ಹೆಚ್ಚು ಬಾಳುತ್ತದೆ. ಕೊಳ್ಳುವಾಗ ಎರಡೂ ಕೈಗಳ ಬೆರಳುಗಳಿಂದ ಕೋನ್ ಅನ್ನು ಸಮನಾಗಿ, ಮೆಲ್ಲಗೆ ಒತ್ತಿ ನೋಡಬೇಕು. ಕರಕರ ಸದ್ದು ಬಂದರೆ ಸುರುಳಿ ನಡುಮಧ್ಯದಲ್ಲಿಲ್ಲ ಎಂದೇ ಅರ್ಥ. ಅಯಸ್ಕಾಂತದ ಗಾತ್ರ ನೋಡಿ ಮರುಳಾಗುವುದು ಸಾಮಾನ್ಯ, ಆದರೆ ರಬ್ಬರಿನ ಕವಚದೊಳಗೆ ಅಯಸ್ಕಾಂತ ಎಷ್ಟಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.

ಇನ್ನು ವ್ಯಾಟ್ ಲೆಕ್ಕ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಅಂಕಿ ಮೆರೆಸುವ ಪಿಎಂಪಿಒ ಎಂಬುದಕ್ಕೆ ಒಪ್ಪಿತ ಅಳತೆಯೇ ಇಲ್ಲ. ನೋಡಬೇಕಾದದ್ದು ನಿರಂತರವಾಗಿ ತಾಳಿಕೊಳ್ಳುವ ಆರ್‌ಎಂಎಸ್ ವ್ಯಾಟ್. ಅಮೆರಿಕದ ಗ್ರಾಹಕ ಎಲೆಕ್ಟ್ರಾನಿಕ್ಸ್ ಸಂಘ 2003ರಲ್ಲಿ ಹೊರತಂದ ಸಿಇಎ-2006 ಮಾನದಂಡವು ಕಾರ್ ಆಂಪ್ಲಿಫೈಯರನ್ನು 14.4 ವೋಲ್ಟ್, 4 ಓಮ್‌ನಲ್ಲಿ, ಶೇ 1ಕ್ಕಿಂತ ಹೆಚ್ಚು ವಿಕೃತಿ ಇಲ್ಲದಂತೆ ಅಳೆಯಬೇಕೆಂದು ವಿಧಿಸಿತು. ಆ ಗುರುತು ಇಲ್ಲದ ಆಂಪ್ಲಿಫೈಯರಿನ ಸತ್ಯವನ್ನು ಅದರ ಫ್ಯೂಸೇ ಹೇಳುತ್ತದೆ. 30 ಆಂಪಿಯರ್ ಫ್ಯೂಸನ್ನು 14.4 ವೋಲ್ಟಿನಿಂದ ಗುಣಿಸಿದರೆ 432 ವ್ಯಾಟ್. ಶೇ 80 ದಕ್ಷತೆಯೆಂದು ಉದಾರವಾಗಿ ಒಪ್ಪಿಕೊಂಡರೂ ನಿರಂತರವಾಗಿ ಹೊರಬರುವುದು ಸುಮಾರು 345 ವ್ಯಾಟ್ ಮಾತ್ರ. ಅದರ ಮೇಲೆ 2000 ವ್ಯಾಟ್ ಎಂದು ಬರೆದಿದ್ದರೆ ಬರೆದವರ ಧೈರ್ಯವನ್ನು ಮೆಚ್ಚಬೇಕಷ್ಟೆ. ನಿಜವಾದ 1000 ವ್ಯಾಟ್ ಬೇಕೆಂದರೆ ಇದೇ ಲೆಕ್ಕದಲ್ಲಿ ಸುಮಾರು 87 ಆಂಪಿಯರ್ ಬೇಕು. ಸಣ್ಣ ಕಾರಿನ ಆಲ್ಟರ್ನೇಟರಿಗೆ ಅದು ದೊಡ್ಡ ಹೊರೆ.

ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ, ಒಂದೂವರೆ ಅಡಿಯೊಳಗೆ, ಪ್ರತ್ಯೇಕ ಫ್ಯೂಸ್ ಇರಲೇಬೇಕು. ಇದನ್ನು ಉಳಿತಾಯದ ಬಾಬತ್ತೆಂದು ಬಿಟ್ಟರೆ, ತಂತಿ ಎಲ್ಲಿಯಾದರೂ ಸವೆದು ಬಾಡಿಗೆ ತಗುಲಿದಾಗ ಕಾರಿಗೆ ಬೆಂಕಿ ಹೊತ್ತಿಕೊಳ್ಳಬಹುದು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ಅಷ್ಟೇ ದಪ್ಪದ ತಾಮ್ರದ ತಂತಿಯಷ್ಟು ವಿದ್ಯುತ್ತನ್ನು ಅದು ಸಾಗಿಸದು.

ಪೆಟ್ಟಿಗೆಯೂ ಕಟ್ಟೋಣದ ಭಾಗವೇ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ತಡೆದು ಕಾಯುತ್ತದೆ. ಎಡ್ಗರ್ ವಿಲ್ಚರ್ 1954ರಲ್ಲಿ ಈ ವಿಧಾನವನ್ನು ಮಾರುಕಟ್ಟೆಗೆ ತಂದರು. ಕೊಳವೆಯಿರುವ ಪೆಟ್ಟಿಗೆ ಹೆಚ್ಚು ಸದ್ದು ಕೊಡುತ್ತದೆ. ಆದರೆ ಕೊಳವೆಗೆ ಹೊಂದಿಸಿದ ಕಂಪನಾಂಕಕ್ಕಿಂತ ಕೆಳಗಿನ ಸ್ವರ ಬಂದಾಗ ಕೋನಿಗೆ ತಡೆಯೇ ಇರುವುದಿಲ್ಲ, ಅಲ್ಲಿ ಸ್ಪೈಡರ್ ಹರಿಯುತ್ತದೆ. 18 ಮಿ.ಮೀ. ಎಂಡಿಎಫ್ ಹಲಗೆ, ಸಂದುಗಳಿಗೆ ಅಂಟು, ಒಳಗೊಂದು ಆಧಾರಪಟ್ಟಿ ಇದ್ದರೆ ಸಾಕು. ಎಂಡಿಎಫ್‌ಗೆ ನೀರು ಸೋಂಕಿದರೆ ಉಬ್ಬುವುದರಿಂದ ಟ್ರ್ಯಾಕ್ಟರಿಗೆ ಪ್ಲೈವುಡ್ಡೇ ಲೇಸು.

ಕಿವಿಯ ವಿಷಯದಲ್ಲಿಯೂ ಲೆಕ್ಕ ಸರಳ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದಾದರೆ, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ 15 ನಿಮಿಷ. ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯಿದೆ. ಈ ಮಿತಿಗಳನ್ನು ಅಳೆಯುವ 'ಎ' ಮಾಪಕವು 50 ಹರ್ಟ್ಜ್‌ನ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಿಮೆಯಾಗಿ ತೋರಿಸುತ್ತದೆ. ಪಕ್ಕದ ಮನೆಯ ಕಿಟಕಿ ಅದುರಿದರೂ ಮಾಪಕದ ಅಂಕಿ ಅಷ್ಟಾಗಿ ಏರದಿರಲು ಇದೇ ಕಾರಣ.