ರಸ್ತೆ ಅಪಘಾತದ ಸಾವು ತಗ್ಗಿಸುವ ಸರ್ಕಾರಿ ಗುರಿಗಳು: ಶಿವಮೊಗ್ಗ ಮತ್ತು ಭದ್ರಾವತಿ

ರಸ್ತೆ ಅಪಘಾತಗಳಲ್ಲಿ ಸಾಯುವವರ ಸಂಖ್ಯೆಯನ್ನು ಇಂತಿಷ್ಟು ವರ್ಷಗಳೊಳಗೆ ಇಂತಿಷ್ಟಕ್ಕೆ ಇಳಿಸುತ್ತೇವೆಂದು ಸರ್ಕಾರಗಳು ಮೊದಲೇ ಘೋಷಿಸುವ ಪದ್ಧತಿಗೆ ಸುಮಾರು ಅರ್ಧ ಶತಮಾನದ ಇತಿಹಾಸವಿದೆ. ಕರ್ನಾಟಕದಲ್ಲಿ ಇದು ಗಟ್ಟಿಯಾಗಿ ನೆಲೆಯೂರಿದ್ದು 2010ರ ನಂತರ. ಗುರಿಗಳು ನ್ಯೂಯಾರ್ಕ್, ದೆಹಲಿ, ಬೆಂಗಳೂರುಗಳಲ್ಲಿ ನಿಗದಿಯಾದರೂ ಅವು ಈಡೇರಬೇಕಾದದ್ದು ಜಿಲ್ಲೆಯ ರಸ್ತೆಗಳಲ್ಲಿ. ಶಿವಮೊಗ್ಗ ನಗರವನ್ನೂ ಭದ್ರಾವತಿಯನ್ನೂ ಜೋಡಿಸುವ ಸುಮಾರು 20 ಕಿಲೋಮೀಟರ್ ದಾರಿ ಈ ಮಾತಿಗೆ ಒಳ್ಳೆಯ ಉದಾಹರಣೆ.

ಎರಡೂ ಊರುಗಳಲ್ಲಿ ಇದಕ್ಕೆ ಬಿ.ಎಚ್. ರಸ್ತೆ ಎಂದೇ ಹೆಸರು. ಬೆಂಗಳೂರು–ಹೊನ್ನಾವರ ಹೆದ್ದಾರಿಯ ಭಾಗವಾದ ಇದು ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಆಗಿತ್ತು, ಈಗ 69. ತರೀಕೆರೆ ಕಡೆಯಿಂದ ಬಂದ ರಸ್ತೆ ಭದ್ರಾವತಿ ಪೇಟೆಯ ನಡುವೆ ಹಾದು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಮಲವಗೊಪ್ಪಗಳನ್ನು ದಾಟಿ, ತುಂಗಾ ನದಿಯ ಸೇತುವೆಯ ಮೂಲಕ ಶಿವಮೊಗ್ಗ ಸೇರುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಈ ದಾರಿಗೆ ಲಾರಿಗಳನ್ನೂ ಪಾಳಿಯ ಹೊತ್ತಿನ ಜನಸಂದಣಿಯನ್ನೂ ತಂದವು. 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣವೂ ಸೇರಿಕೊಂಡಿತು. ಅದಿರು, ಮರ, ಅಡಿಕೆ ಹೊತ್ತ ಲಾರಿಗಳು, ಸರ್ಕಾರಿ ಮತ್ತು ಖಾಸಗಿ ಬಸ್ಸುಗಳು, ಬೈಕುಗಳು, ಕಾಲ್ನಡಿಗೆಯವರು ಎಲ್ಲರೂ ಪಾಲು ಹಂಚಿಕೊಳ್ಳುವ ರಸ್ತೆ ಇದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, ಶೇ. 19ಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಕಾರಿನ ವೇಗಕ್ಕೆಂದು ಅಗಲ ಮಾಡಿದ ರಸ್ತೆಯಲ್ಲಿ ಕಾರಿಲ್ಲದವರೇ ಹೆಚ್ಚಾಗಿ ಸಾಯುತ್ತಾರೆ ಎಂಬುದನ್ನು ಮರೆತು ಹಾಕಿದ ಯಾವ ಗುರಿಯೂ ಈಡೇರುವುದು ಕಷ್ಟ.

ಗುರಿಯ ಹುಟ್ಟು

ಜಪಾನಿನಲ್ಲಿ 1970ರಲ್ಲಿ 16,765 ಜನ ರಸ್ತೆಗಳಲ್ಲಿ ಸತ್ತರು. ಅದೇ ವರ್ಷ ಸಂಚಾರ ಸುರಕ್ಷತಾ ಕಾಯ್ದೆ ಬಂತು. ಅದರಡಿ ಐದೈದು ವರ್ಷಗಳ ಯೋಜನೆಗಳು ಸಿದ್ಧವಾದವು. ಪಾದಚಾರಿ ಮಾರ್ಗ, ಸಿಗ್ನಲ್, ದಾಟುವ ಸೇತುವೆಗಳಿಗೆ ಹಣ ಹರಿಯಿತು. 1979ರ ಹೊತ್ತಿಗೆ ಸಾವುಗಳು 8,466ಕ್ಕೆ ಇಳಿದವು. ಬ್ರಿಟನ್ 1987ರಲ್ಲಿ, ಸಾವುನೋವುಗಳನ್ನು 2000ದ ಹೊತ್ತಿಗೆ ಮೂರನೇ ಒಂದು ಭಾಗ ತಗ್ಗಿಸುವ ಗುರಿ ಇಟ್ಟುಕೊಂಡಿತು. ಸ್ವೀಡನ್ನಿನ ಸಂಸತ್ತು 1997ರ ಅಕ್ಟೋಬರಿನಲ್ಲಿ ‘ವಿಷನ್ ಝೀರೊ’ ಒಪ್ಪಿಕೊಂಡು ಒಂದು ಹೆಜ್ಜೆ ಮುಂದೆ ಹೋಯಿತು: ರಸ್ತೆಯಲ್ಲಿ ಒಂದು ಸಾವೂ ಸಮ್ಮತವಲ್ಲ, ಮನುಷ್ಯ ತಪ್ಪು ಮಾಡಿದರೂ ಅವನ ಪ್ರಾಣ ಉಳಿಯುವಂತೆ ರಸ್ತೆ ಕಟ್ಟುವುದು ಕಟ್ಟುವವರ ಹೊಣೆ. 2007ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ಅವರ ಮೊದಲ ಗುರಿ ವಿಫಲವಾಯಿತು. ಗುರಿಯನ್ನು ಕೈಬಿಡದೆ, ವೇಗ, ಸೀಟ್ ಬೆಲ್ಟ್, ಕುಡಿದು ಚಾಲನೆಗಳಿಗೆ ಪ್ರತ್ಯೇಕ ಅಳತೆಗಳನ್ನು ಇಟ್ಟುಕೊಂಡು ವರ್ಷವರ್ಷವೂ ಪರಿಶೀಲಿಸಿದರು. 2020ಕ್ಕೆ 220 ಎಂದುಕೊಂಡಿದ್ದರು. ಆ ವರ್ಷ ಸತ್ತವರು 204. ಈ ಪದ್ಧತಿಯ ಇತಿಹಾಸದಲ್ಲಿ ಸೋತ ಮೇಲೂ ಅಳೆಯುವುದನ್ನು ನಿಲ್ಲಿಸದ ಸ್ವೀಡನ್ನಿನ ಈ ಘಟ್ಟವೇ ಹೆಚ್ಚು ಪಾಠ ಕಲಿಸುವಂಥದ್ದು.

ವಿಶ್ವಸಂಸ್ಥೆ 2011–2020ನ್ನು ರಸ್ತೆ ಸುರಕ್ಷತಾ ಕ್ರಿಯಾ ದಶಕವೆಂದು ಘೋಷಿಸಿತು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ, 2020ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವುದೂ ಸೇರಿತು. ಅದು ಈಡೇರದೆ ಎರಡನೇ ದಶಕ ಬಂತು. ಈಗಿನ ಗಡುವು 2030.

ದೆಹಲಿಯಿಂದ ಜಿಲ್ಲೆಗೆ

ಭಾರತದ ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿಗೆ ಕೇಂದ್ರ ಸಂಪುಟ 2010ರಲ್ಲಿ ಒಪ್ಪಿಗೆ ನೀಡಿತು. ಅದರಲ್ಲಿ ಒಳ್ಳೆಯ ಆಶಯಗಳಿದ್ದವು, ಅಂಕಿಯ ಗುರಿ ಇರಲಿಲ್ಲ. ಆ ವರ್ಷ ದೇಶದಲ್ಲಿ ಸತ್ತವರು 1,34,513. ಕೊಯಮತ್ತೂರಿನ ಮೂಳೆತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2014ರಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ಸಮಿತಿ ರಚಿಸಿತು. ಬರೀ ಆಶಯಗಳ ಕಾಲ ಮುಗಿದು ರಾಜ್ಯಗಳು ಲೆಕ್ಕ ಒಪ್ಪಿಸಬೇಕಾದದ್ದು ಅಲ್ಲಿಂದ ಮುಂದೆ. 2017ರ ನವೆಂಬರ್ 30ರ ಆದೇಶ ಪ್ರತಿ ರಾಜ್ಯಕ್ಕೂ ಸುರಕ್ಷತಾ ನೀತಿ, ಮುಖ್ಯ ಸಂಸ್ಥೆ, ನಿಧಿ, ಪ್ರತಿ ಜಿಲ್ಲೆಗೂ ರಸ್ತೆ ಸುರಕ್ಷತಾ ಸಮಿತಿ ಇರಲೇಬೇಕೆಂದಿತು. ಕರ್ನಾಟಕ ಅದೇ ವರ್ಷ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರ ಕಾಯ್ದೆ ಮಾಡಿತು. ಅದಕ್ಕೂ ಮೊದಲೇ, 2016ರಲ್ಲಿ, ರಾಜ್ಯದಲ್ಲಿ ಬೈಕಿನ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿತ್ತು. ಗಾಯಾಳುಗಳ ಮೊದಲ 48 ಗಂಟೆಗಳ ಚಿಕಿತ್ಸೆಗೆ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆ ಬಂದಿತ್ತು.

ಸಂಖ್ಯೆಗಳು ಮಾತ್ರ ಇಳಿಯಲಿಲ್ಲ. ಕರ್ನಾಟಕದಲ್ಲಿ 2015ರಲ್ಲಿ 10,856 ಜನ ಸತ್ತಿದ್ದರು. ಲಾಕ್‌ಡೌನ್ ಕಂಡ 2020ರಲ್ಲಿ ಅದು 9,760 ಆಯಿತು. 2022ರಲ್ಲಿ 11,702, ಮರುವರ್ಷ 12,000 ದಾಟಿತು. ದೇಶದ ಒಟ್ಟು ಸಾವು 2022ರಲ್ಲಿ 1,68,491. 2024ರ ಅಂತ್ಯಕ್ಕೆ ಸಾವುಗಳನ್ನು ಅರ್ಧಕ್ಕಿಳಿಸುವ ಮಾತು ಕೊಟ್ಟಿದ್ದ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ, ಆ ವರ್ಷದ ಡಿಸೆಂಬರಿನಲ್ಲಿ ಲೋಕಸಭೆಯಲ್ಲೇ ಸಾವುಗಳು ಹೆಚ್ಚಿವೆಯೆಂದು ಒಪ್ಪಿಕೊಂಡರು. ಗುರಿ ತಪ್ಪಿದ್ದನ್ನು ಸದನದಲ್ಲಿ ನೇರವಾಗಿ ಹೇಳುವುದು ಅಪರೂಪ, ಆ ಮಟ್ಟಿಗೆ ಅದು ದಾಖಲಾರ್ಹ.

ಜಿಲ್ಲೆಯ ಮಟ್ಟದಲ್ಲಿ ತೊಡಕು ಹೊಣೆಯ ಹಂಚಿಕೆಯದು. ಬಿ.ಎಚ್. ರಸ್ತೆ ಹೆದ್ದಾರಿಯಾಗಿ ಕೇಂದ್ರದ್ದು, ಅದರ ಪಕ್ಕದ ಚರಂಡಿ ಮತ್ತು ಬೀದಿದೀಪ ಊರಿನ ಆಡಳಿತದ್ದು. ದಂಡ ಹಾಕುವವರು ಸಂಚಾರ ಪೊಲೀಸರು, ಲೈಸೆನ್ಸ್ ಕೊಡುವವರು ಆರ್‌ಟಿಒ, ಪ್ರಾಣ ಉಳಿಸಬೇಕಾದವರು 108 ಆಂಬುಲೆನ್ಸಿನ ಸಿಬ್ಬಂದಿ ಮತ್ತು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವೈದ್ಯರು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಶಿವಮೊಗ್ಗದಲ್ಲಿ ನಗರದ ಒಳರಸ್ತೆಗಳ ಕಾಮಗಾರಿಗೆ ಇನ್ನೊಂದು ಸಂಸ್ಥೆಯೂ ಸೇರಿತು. ಭದ್ರಾವತಿಗೆ ಆ ಹಣ ಇರಲಿಲ್ಲ. ಇವರೆಲ್ಲರೂ ಒಂದೇ ಮೇಜಿಗೆ ಬರುವುದು ಜಿಲ್ಲಾ ಸುರಕ್ಷತಾ ಸಮಿತಿಯಲ್ಲಿ. ರಾಜ್ಯದ ಗುರಿಯನ್ನು ಯಾವ ವೃತ್ತದಲ್ಲಿ, ಯಾವ ತಿರುವಿನಲ್ಲಿ, ಯಾರು, ಯಾವ ತಿಂಗಳೊಳಗೆ ಎಂದು ಒಡೆದು ಹೇಳಬೇಕಾದ ಸಭೆ ಅದೇ.

ಯಾರ ಲೆಕ್ಕಕ್ಕೆ

ಅಪಘಾತದ ದಿನದಿಂದ 30 ದಿನಗಳೊಳಗೆ ಸತ್ತರೆ ಮಾತ್ರ ಅದು ರಸ್ತೆ ಅಪಘಾತದ ಸಾವೆಂದು ಎಣಿಕೆಯಾಗುತ್ತದೆ. ಭದ್ರಾವತಿಯಲ್ಲಿ ತಲೆಗೆ ಪೆಟ್ಟಾದವರನ್ನು ಮೆಗ್ಗಾನ್‌ಗೆ, ಅಲ್ಲಿಂದ ಮಣಿಪಾಲಕ್ಕೆ ಒಯ್ಯುವುದುಂಟು. ಹತ್ತನೇ ದಿನ ಮಣಿಪಾಲದಲ್ಲಿ ಪ್ರಾಣ ಹೋದರೆ ಆ ಸುದ್ದಿ ಮೂಲ ಠಾಣೆಗೆ ತಲುಪಿ, ಗಾಯದ ಪ್ರಕರಣ ಸಾವಿನ ಪ್ರಕರಣವಾಗಿ ಬದಲಾಗಬೇಕು. 31ನೇ ದಿನದ ಸಾವು, ವರ್ಷಗಟ್ಟಲೆ ಹಾಸಿಗೆ ಹಿಡಿದವರ ಬದುಕು ಗುರಿಯ ಹೊರಗೇ ಉಳಿಯುತ್ತವೆ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಡಿಕ್ಕಿಯಾಗಿ 13 ಜನ ಸತ್ತರು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಇವರಲ್ಲಿ ಹೆಚ್ಚಿನವರು ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು. ಒಂದೇ ಹಳ್ಳಿಗೆ ಇಷ್ಟೊಂದು ಸಾವು ಬಂದರೂ ಸರ್ಕಾರದ ಪಟ್ಟಿಯಲ್ಲಿ ಈ 13 ಹಾವೇರಿ ಜಿಲ್ಲೆಯ ಸಂಖ್ಯೆ. ಸ್ಥಳದ ಪ್ರಕಾರ ಎಣಿಸುವುದು ರಸ್ತೆ ತಿದ್ದುವುದಕ್ಕೆ ಬೇಕು. ಆದರೆ ರಾತ್ರಿ ಪ್ರಯಾಣ, ಚಾಲಕರ ನಿದ್ರೆ, ಬಾಡಿಗೆ ವಾಹನಗಳ ತಪಾಸಣೆ ಇವು ಪ್ರಯಾಣ ಹೊರಡುವ ಊರಿನಲ್ಲೇ ಹಿಡಿಯಬೇಕಾದ ವಿಷಯಗಳು. ಹೊರಟ ಜಿಲ್ಲೆಯ ಲೆಕ್ಕದಲ್ಲಿ ಕಾಣದ ಸಾವನ್ನು ಅಲ್ಲಿನ ಯಾವ ಸಮಿತಿಯೂ ಚರ್ಚಿಸಬೇಕಾಗಿ ಬರುವುದಿಲ್ಲ. ಮೃತರ ಊರಿನ ಪ್ರಕಾರವೂ ಒಂದು ಪಟ್ಟಿ ಇಡುವುದು ಇದಕ್ಕೆ ಸರಿಯಾದ ಪರಿಹಾರ.

ಅಪಘಾತದ ಜಾಗವನ್ನು ಪೊಲೀಸರು ಮೊಬೈಲಿನಲ್ಲೇ ದಾಖಲಿಸುವ ಐರಾಡ್ ವ್ಯವಸ್ಥೆಯನ್ನು ಮೊದಲು ಜಾರಿಗೊಳಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೆದ್ದಾರಿಯ ಸುಮಾರು 500 ಮೀಟರಿನಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾದರೆ, ಇಲ್ಲವೇ 10 ಜನ ಸತ್ತರೆ ಅದು ಬ್ಲ್ಯಾಕ್ ಸ್ಪಾಟ್. ಈ ವ್ಯಾಖ್ಯೆಯ ಕ್ರೌರ್ಯವೆಂದರೆ, ಜಾಗ ಪಟ್ಟಿಗೆ ಸೇರಲು ಮೊದಲು ಜನ ಸಾಯಬೇಕು, ಇಲ್ಲವೇ ತೀವ್ರವಾಗಿ ಗಾಯಗೊಳ್ಳಬೇಕು.

ರಾಜ್ಯದಲ್ಲೇ ಇದಕ್ಕಿಂತ ಒಳ್ಳೆಯ ಮಾದರಿ ಇದೆ. ವಿಶ್ವಬ್ಯಾಂಕ್ ನೆರವಿನಲ್ಲಿ ಬೆಳಗಾವಿ–ಯರಗಟ್ಟಿ ನಡುವಿನ 62 ಕಿಲೋಮೀಟರನ್ನು ಸುರಕ್ಷಿತ ಕಾರಿಡಾರ್ ಎಂದು ಆರಿಸಿ, ಲೋಕೋಪಯೋಗಿ, ಪೊಲೀಸ್, ಸಾರಿಗೆ, ಆರೋಗ್ಯ ಇಲಾಖೆಗಳನ್ನು ಒಟ್ಟಿಗೆ ತೊಡಗಿಸಲಾಯಿತು. 2015ರಿಂದ 2018ರೊಳಗೆ ಅಲ್ಲಿ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಭದ್ರಾವತಿ–ಶಿವಮೊಗ್ಗ ದಾರಿ ಅದರ ಮೂರನೇ ಒಂದು ಭಾಗದಷ್ಟು ಉದ್ದ. ತುಮಕೂರು–ಶಿವಮೊಗ್ಗ ಚತುಷ್ಪಥದ ಕಾಮಗಾರಿಯಿಂದ ವೇಗ ಹೆಚ್ಚುವ ಈ ಹೊತ್ತಿನಲ್ಲಿ, ಹಳ್ಳಿಗರು ರಸ್ತೆ ದಾಟುವ ಜಾಗ, ಸರ್ವಿಸ್ ರಸ್ತೆ, ಲಾರಿ ತಂಗುದಾಣಗಳಿಗೆ ಆದ್ಯತೆ ಕೊಟ್ಟು ಇಷ್ಟೇ ದಾರಿಗೆ ಪ್ರತ್ಯೇಕ ವಾರ್ಷಿಕ ಗುರಿ ಇಟ್ಟುಕೊಳ್ಳುವುದು ಜಿಲ್ಲಾ ಸಮಿತಿಯ ಅಧಿಕಾರದೊಳಗೇ ಇರುವ ಕೆಲಸ.