ಯಾರ ರಕ್ಷಣೆ, ಯಾರ ಯುದ್ಧ? ನಂದಿದುರ್ಗದ ಬುಡದಲ್ಲಿ ನಿಂತು

ಹೈಸ್ಕೂಲಿನ ಚರಿತ್ರೆ ಪರೀಕ್ಷೆಯಲ್ಲಿ ವರ್ಷ ಬಿಟ್ಟು ವರ್ಷ ಒಂದು ಪ್ರಶ್ನೆ ಬರುತ್ತದೆ: ನಾಲ್ಕನೆಯ ಮೈಸೂರು ಯುದ್ಧಕ್ಕೆ ಕಾರಣಗಳೇನು? ಮಕ್ಕಳು ಬರೆಯುತ್ತಾರೆ: ಟಿಪ್ಪು ಫ್ರೆಂಚರ ನೆರವು ಕೇಳಿದ, ಇಂಗ್ಲಿಷರಿಗೆ ಅಪಾಯ ಉಂಟಾಯಿತು, ಆದ್ದರಿಂದ ವೆಲ್ಲೆಸ್ಲಿ ಯುದ್ಧ ಸಾರಿದ. ಮಾರ್ಕ್ಸೂ ಸಿಕ್ಕುತ್ತದೆ. ಈ ಉತ್ತರವನ್ನು ಮೊಟ್ಟಮೊದಲು ಬರೆದವನು ವೆಲ್ಲೆಸ್ಲಿಯೇ ಅಂತ ಯಾವ ಗೈಡೂ ಹೇಳುವುದಿಲ್ಲ. ಯುದ್ಧ ಮಾಡಿದವನು ಕೊಟ್ಟ ಸಬೂಬನ್ನು ಇನ್ನೂರು ವರ್ಷ ಕಳೆದ ಮೇಲೂ ನಾವು 'ಕಾರಣ' ಅಂತ ಉರು ಹೊಡೆಸುತ್ತಿದ್ದೇವೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯವರಿಗೆ ಇದು ದೂರದ ಮಾತಲ್ಲ. ಇಲ್ಲಿ ಎತ್ತ ತಿರುಗಿದರೂ ಕಣ್ಣಿಗೆ ಒಂದು ದುರ್ಗ ಬೀಳುತ್ತದೆ. ನಂದಿ, ಗುಡಿಬಂಡೆ, ಅಂಬಾಜಿದುರ್ಗ, ರಹಮಾನ್‌ಗಢ. ಆವತಿ ವಂಶದ ಪಾಳೇಗಾರರು ಕಟ್ಟಿದ್ದು, ಹೈದರ್ ಕಿತ್ತುಕೊಂಡದ್ದು, ಮರಾಠರು ಬಂದು ಹೋದದ್ದು, ಟಿಪ್ಪು ಭದ್ರ ಮಾಡಿದ್ದು, ಇಂಗ್ಲಿಷರು ಒಡೆದದ್ದು. ಒಬ್ಬೊಬ್ಬನೂ ಹೇಳಿದ್ದು ಒಂದೇ ಮಾತು, ರಕ್ಷಣೆ. ಬೆಟ್ಟದ ಮೇಲಕ್ಕೆ ಕಲ್ಲು ಹೊತ್ತವರು ಯಾರ ರಕ್ಷಣೆಗೆ ಹೊತ್ತರು ಅಂತ ಕೇಳಿದವರಿಲ್ಲ. ಕೋಟೆಯೊಳಗೆ ಅರಸನಿಗೆ ಜಾಗ ಇತ್ತು, ಖಜಾನೆಗೆ ಜಾಗ ಇತ್ತು, ದೇವರಿಗೂ ಇತ್ತು. ಹೊಲಗೇರಿ ಮಾದಿಗೇರಿ ಯಾವ ಕೋಟೆಯೊಳಗೂ ಇರಲಿಲ್ಲ.

ಇಂಗ್ಲಿಷರ ಬಾಯಲ್ಲಿ ಈ 'ರಕ್ಷಣೆ' ಅನ್ನುವ ಮಾತಿಗೆ ಅಷ್ಟೊಂದು ಬೆಲೆ ಯಾಕೆ ಬಂತು? ಅದಕ್ಕೊಂದು ಕಾನೂನಿನ ಕಥೆ ಇದೆ. 1784ರಲ್ಲಿ ಪಿಟ್ ಎಂಬ ಪ್ರಧಾನಿಯ ಕಾಲದಲ್ಲಿ ಲಂಡನ್ನಿನ ಪಾರ್ಲಿಮೆಂಟು ಇಂಡಿಯಾ ಕಾಯಿದೆ ಮಾಡಿತು. ಇಂಡಿಯಾದಲ್ಲಿ ರಾಜ್ಯ ಗೆಲ್ಲುವ, ಸೀಮೆ ಹಿಗ್ಗಿಸುವ ಯೋಜನೆಗಳು ತಮ್ಮ ರಾಷ್ಟ್ರದ ಇಚ್ಛೆಗೂ ಮಾನಕ್ಕೂ ನೀತಿಗೂ ಒಪ್ಪದವು ಅಂತ ಅದರಲ್ಲೇ ಬರೆದರು. 1793ರ ಸನ್ನದು ಕಾಯಿದೆಯಲ್ಲೂ ಅದನ್ನೇ ಮತ್ತೆ ಬರೆದರು. ಲಂಡನ್ನಿನ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ ಯುದ್ಧಕ್ಕೆ ಹೋಗಕೂಡದು. ಆದರೆ ವೈರಿ ಯುದ್ಧ ಶುರು ಮಾಡಿದ್ದರೆ, ಇಲ್ಲವೇ ಕಂಪನಿಯ ಮೇಲೋ ಅದರ ಮಿತ್ರರ ಮೇಲೋ ಬೀಳಲು ತಯಾರಿ ನಡೆಸಿದ್ದರೆ, ಹೋಗಬಹುದು. ಮನೆಯ ಬಾಗಿಲೆಲ್ಲ ಮುಚ್ಚಿ ಹಿತ್ತಿಲ ಬಾಗಿಲೊಂದನ್ನು ತೆರೆದಿಟ್ಟ ಹಾಗಾಯಿತು. ಅಲ್ಲಿಂದ ಮುಂದೆ ಕಂಪನಿಯ ಯಾವ ಗವರ್ನರನೂ 'ನನಗೆ ರಾಜ್ಯ ಬೇಕು' ಅಂತ ಬರೆಯಲಿಲ್ಲ. 'ನಮಗೆ ಅಪಾಯ ಇದೆ' ಅಂತಲೇ ಬರೆದರು.

1789ರ ಡಿಸೆಂಬರಿನಲ್ಲಿ ಟಿಪ್ಪು ತಿರುವಾಂಕೂರಿನ ಗಡಿ ಗೋಡೆಯ ಮೇಲೆ ಬಿದ್ದ. ಡಚ್ಚರು ಕೊಡುಂಗಲ್ಲೂರಿನ ಕೋಟೆಯನ್ನು ತಿರುವಾಂಕೂರಿಗೆ ಮಾರಿದ್ದು ತನಗೆ ಅಪಾಯ ಎನ್ನುವುದು ಅವನ ವಾದ. ತಿರುವಾಂಕೂರು ನಮ್ಮ ಮಿತ್ರ, ಅದಕ್ಕೆ ಅಪಾಯವಾದರೆ ನಮಗೂ ಅಪಾಯ ಎನ್ನುವುದು ಕಾರ್ನ್‌ವಾಲಿಸನ ವಾದ. ನಾವು ಟಿಪ್ಪುವಿನ ಭಜನೆಗೂ ಕೂತಿಲ್ಲ, ಅವನ ಹೆಸರು ಕೇಳಿದರೆ ಉರಿದು ಬೀಳುವವರ ಜೊತೆಯಲ್ಲೂ ಇಲ್ಲ. ಇಬ್ಬರು ದೊರೆಗಳೂ ಒಂದೇ ಭಾಷೆ ಆಡುತ್ತಿದ್ದರು ಅನ್ನುವುದಷ್ಟೇ ನಮ್ಮ ಮಾತು. ಕಾರ್ನ್‌ವಾಲಿಸ್ 1790ರಲ್ಲಿ ಮರಾಠರನ್ನೂ ನಿಜಾಮನನ್ನೂ ಕಟ್ಟಿಕೊಂಡು ಹೊರಟ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಹೋಗಿ, ಮಳೆಗೆ ಸಿಕ್ಕಿ, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿಗೆ ವಾಪಸು ಬಂದ. ಆಮೇಲೆ ಅವನ ಕಣ್ಣು ನಮ್ಮ ಬೆಟ್ಟಗಳ ಮೇಲೆ ಬಿತ್ತು. ದಂಡಿಗೆ ದಿನಸಿ ಬರುವ ದಾರಿ ಇವುಗಳ ಬುಡದಲ್ಲೇ ಹಾದು ಹೋಗುತ್ತಿತ್ತು.

ಮೊದಲು ಚಿಂತಾಮಣಿ ಕಡೆಯ ರಹಮಾನ್‌ಗಢ ಬಿತ್ತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮೇಜರ್ ಗೌಡಿ ಎಂಬುವನ ಪಡೆ ನಂದಿಗೆ ಮುತ್ತಿಗೆ ಹಾಕಿತು. (ಹೆಸರು ಕೇಳಿ ನಮ್ಮೂರ ಗೌಡ ಅಂತ ತಿಳಿಯಬಾರದು, ಆಸಾಮಿ ಇಂಗ್ಲಿಷರ ಕಡೆಯವನು.) ನಂದಿ ಎಂದರೆ ಸಾಮಾನ್ಯ ಗುಡ್ಡವಲ್ಲ, 4,800 ಅಡಿಗೂ ಮೇಲಿನ ಬಂಡೆ. ಒಂದು ಮಗ್ಗುಲು ಬಿಟ್ಟರೆ ಉಳಿದೆಡೆ ಕೋತಿ ಹತ್ತುವುದೂ ಕಷ್ಟ. ಆ ಒಂದು ಮಗ್ಗುಲಲ್ಲಿ ದಾರಿ ಕಡಿದು, ಆನೆಗಳನ್ನು ಹೂಡಿ ಫಿರಂಗಿಗಳನ್ನು ಮೇಲಕ್ಕೆ ಎಳೆಸಿದರು. ಹೆಚ್ಚು ಕಡಿಮೆ ಮೂರು ವಾರ ಇದು ನಡೆಯಿತು. ಕಾರ್ನ್‌ವಾಲಿಸ್ ಇಡೀ ದಂಡನ್ನು ಹತ್ತಿರಕ್ಕೆ ತಂದು ನಿಲ್ಲಿಸಿ ಹೆದರಿಸಿದ. ಅಕ್ಟೋಬರ್ 19ರ ಬೆಳಗಿನ ಜಾವ ಬೆಳುದಿಂಗಳಲ್ಲಿ ಲಗ್ಗೆ ಹತ್ತಿದರು. ಕೋಟೆಯ ಕಾವಲಿನವರು ಗುಂಡಿಗಿಂತ ಹೆಚ್ಚಾಗಿ ನೆಚ್ಚಿದ್ದು ಬಂಡೆಗಳನ್ನು. ಮೇಲಿನಿಂದ ಉರುಳಿಸಿದ ಕಲ್ಲುಗಳಿಂದಲೇ ದಾಳಿಯವರಿಗೆ ಹೆಚ್ಚು ಗಾಯಗಳಾದವು ಅಂತ ಕಂಪನಿಯವರೇ ಬರೆದಿಟ್ಟಿದ್ದಾರೆ. ಕತ್ತಲಲ್ಲಿ ಯಾರೋ ಮುಂದೆ ಮದ್ದಿನ ಸುರಂಗ ಇದೆ ಅಂದರಂತೆ. ಸುರಂಗಕ್ಕೂ ಗಣಿಗೂ ಇಂಗ್ಲಿಷಿನಲ್ಲಿ ಒಂದೇ ಪದ. ಮುಂದೆ ನಿಂತಿದ್ದ ಜನರಲ್ ಮೆಡೋಸ್, ಇದ್ದರೆ ಅದು ಚಿನ್ನದ್ದೇ ಆಗಿರಲಿ ಅಂತ ಹಾಸ್ಯ ಮಾಡಿದನೆಂದು ಅವರ ಪುಸ್ತಕಗಳು ಹೊಗಳುತ್ತವೆ. ಹಾಸ್ಯದಲ್ಲಾದರೂ ನಿಜ ಹೊರಗೆ ಬಂತಲ್ಲ!

ಆ ಪುಸ್ತಕಗಳಲ್ಲಿ ಗೌಡಿಯ ಹೆಸರಿದೆ, ಮೆಡೋಸನ ಹೆಸರಿದೆ. ಆನೆಗಳ ಬುದ್ಧಿಯನ್ನೂ ಹೊಗಳಿದ್ದಾರೆ. ದಾರಿ ಕಡಿದವರ ಹೆಸರಿಲ್ಲ. ಕಂಪನಿಯ ಮದರಾಸು ದಂಡಿನಲ್ಲಿ 'ಪಯೊನೀರ್' ಎಂಬ ಪಡೆ ಇತ್ತು. ಸನಿಕೆ, ಗುದ್ದಲಿ, ಹಾರೆ ಅದರ ಆಯುಧ. ಇಂದು ಬೆಂಗಳೂರಿನಲ್ಲಿರುವ ಮದ್ರಾಸ್ ಸ್ಯಾಪರ್ಸ್ ಪಡೆ ಹುಟ್ಟಿದ್ದು ಅದರಿಂದ. ಆ ದಂಡಿನಲ್ಲಿ ಪರಯರಂಥ ಅಸ್ಪೃಶ್ಯ ಜಾತಿಗಳವರು ಬಹಳ ಮಂದಿ ಇದ್ದರು. ದಿನಸಿ ಸಾಗಿಸಿದವರು ಲಂಬಾಣಿಗಳು. ಸಾವಿರಾರು ಎತ್ತುಗಳ ಮೇಲೆ ದವಸ ಹೇರಿಕೊಂಡು ಬಂದ ಅವರಿಲ್ಲದಿದ್ದರೆ ಕಾರ್ನ್‌ವಾಲಿಸನ ದಂಡು ಹಸಿದೇ ಸಾಯುತ್ತಿತ್ತು. ಅತ್ತ ಟಿಪ್ಪುವಿನ ಕಡೆಯಲ್ಲೂ ಕೋಟೆ ಕೊತ್ತಲ ಕಾಯಲು ಕಂದಾಚಾರದ ಕಾಲಾಳುಗಳಿದ್ದರು, ಅವರು ಇದೇ ಹಳ್ಳಿಗಾಡಿನ ಬಡ ಒಕ್ಕಲ ಮಕ್ಕಳು. ಮೇಲಿನಿಂದ ಕಲ್ಲು ಉರುಳಿಸಿದವನೂ ಕೆಳಗೆ ಕಲ್ಲಿಗೆ ಸಿಕ್ಕವನೂ ಒಂದೇ ಥರದ ಗುಡಿಸಲಿನಿಂದ ಬಂದವರು.

ಚಿಕ್ಕಬಳ್ಳಾಪುರದ ಕಥೆಯೂ ಅದೇ ವರ್ಷದ್ದು. ಕಾರ್ನ್‌ವಾಲಿಸ್ ಊರನ್ನು ಹಳೆಯ ಪಾಳೇಗಾರ ವಂಶಕ್ಕೆ ಬಿಟ್ಟುಕೊಟ್ಟ, ಟಿಪ್ಪುವಿನ ಕಡೆಯವರು ಬಂದು ಮತ್ತೆ ಕಿತ್ತುಕೊಂಡರು. ಒಂದೇ ವರ್ಷದಲ್ಲಿ ಎಷ್ಟು ಸಲ ಕಂದಾಯ ಕಟ್ಟಬೇಕು, ಯಾರಿಗೆ ಕಟ್ಟಬೇಕು ಅಂತ ರೈತ ಯಾರನ್ನು ಕೇಳಬೇಕಾಗಿತ್ತು? 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ. ಮಕ್ಕಳ ಚಿತ್ರವನ್ನು ಇಂಗ್ಲಿಷ್ ಕಲಾವಿದರು ಬಣ್ಣ ಬಣ್ಣದಲ್ಲಿ ಬರೆದರು. ಹಣ ಹುಟ್ಟಿಸಿದ ರಾಗಿ ಹೊಲವನ್ನು ಯಾರೂ ಬರೆಯಲಿಲ್ಲ.

ಇನ್ನು ಪರೀಕ್ಷೆಯ ಪ್ರಶ್ನೆಗೆ ಬರೋಣ. 1797ರಲ್ಲಿ ರಿಪೋ ಎಂಬ ಫ್ರೆಂಚ್ ಹಡಗುಗಳ್ಳ ಮಂಗಳೂರಿಗೆ ಬಂದು, ಮಾರಿಷಸ್ಸಿನಲ್ಲಿ ಭಾರಿ ಫ್ರೆಂಚ್ ಸೈನ್ಯ ಕಾದು ನಿಂತಿದೆ ಅಂತ ಬುರುಡೆ ಬಿಟ್ಟ. ಟಿಪ್ಪು ನಂಬಿದ. ಅವನ ದೂತರು ಹೋಗಿ ನೋಡಿದರೆ ಅಲ್ಲಿ ಸೈನ್ಯವೇ ಇಲ್ಲ. ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ, ಟಿಪ್ಪುವಿನ ಕಡೆ ಹೋಗಲು ಇಷ್ಟವಿದ್ದವರು ಬನ್ನಿ ಅಂತ ಬಹಿರಂಗವಾಗಿ ಡಂಗುರ ಹೊಡೆಸಿದ. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಜನ. ನೂರು! ನಮ್ಮ ಹಳ್ಳಿಯ ಒಂದು ಮದುವೆಯ ದಿಬ್ಬಣಕ್ಕೂ ಸಾಲದು.

ಜೂನ್ ತಿಂಗಳಲ್ಲಿ ಆ ಡಂಗುರದ ಕಾಗದ ಕಲ್ಕತ್ತದ ಪತ್ರಿಕೆಯಲ್ಲಿ ಅಚ್ಚಾಯಿತು. ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿ ಅದೇ ತಿಂಗಳು ಮದರಾಸಿನಲ್ಲಿ ದಂಡು ಸೇರಿಸಲು ಹೇಳಿ ಕಳಿಸಿದ. ಮದರಾಸಿನ ಸೆಕ್ರೆಟರಿ ವೆಬ್ ಎಂಬುವನು ಬೇಡ ಅಂದ. ದುಡ್ಡಿಲ್ಲ, ದಂಡು ತಯಾರಿಲ್ಲ ಅಂದ. ಅವನ ಮಾತು ಯಾರಿಗೆ ಬೇಕು? ಆಗಸ್ಟಿನಲ್ಲಿ ನೆಲ್ಸನ್ ಈಜಿಪ್ಟಿನ ಕಡಲಲ್ಲಿ ಫ್ರೆಂಚ್ ಹಡಗುಪಡೆಯನ್ನು ಸುಟ್ಟು ಹಾಕಿದ. ಅಕ್ಟೋಬರಿನಲ್ಲಿ ಹೈದರಾಬಾದಿನ ಫ್ರೆಂಚ್ ಪಡೆಯ ಆಯುಧ ಕಸಿದುಕೊಂಡರು. ನೆಲ್ಸನ್ ಗೆದ್ದ ಸುದ್ದಿಯೂ ಅಷ್ಟರಲ್ಲಿ ಕಲ್ಕತ್ತ ಮುಟ್ಟಿತು. ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದ ಶ್ರೀರಂಗಪಟ್ಟಣವನ್ನು ತಲುಪಲೇ ಇಲ್ಲ, ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಅಂದರೆ ಅಪಾಯ ದಿನ ದಿನಕ್ಕೆ ಕರಗುತ್ತಿತ್ತು, ಯುದ್ಧದ ತಯಾರಿ ದಿನ ದಿನಕ್ಕೆ ಬೆಳೆಯುತ್ತಿತ್ತು. 1799ರ ಫೆಬ್ರವರಿಯಲ್ಲಿ ಯುದ್ಧ ಸಾರಿದರು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಊರನ್ನು ಕೊಳ್ಳೆ ಹೊಡೆದರು. ಲೂಟಿ ಹಂಚಿಕೆಯಲ್ಲಿ ಜನರಲ್ ಹ್ಯಾರಿಸನ ಪಾಲಿಗೇ 1,40,000 ಪೌಂಡಿಗೂ ಮಿಕ್ಕಿ ಬಂತು. ಸಿಪಾಯಿಗೆ ಸಿಕ್ಕಿದ್ದು ಕೆಲವೇ ಪೌಂಡು. ವೆಲ್ಲೆಸ್ಲಿ ಮಾರ್ಕ್ವೆಸ್ ಆದ.

ಇಲ್ಲಿಗೆ ಮುಗಿಯಿತು ಅಂತ ಗೈಡು ಹೇಳುತ್ತದೆ. ನಮ್ಮ ಪಾಲಿಗೆ ಶುರುವಾದದ್ದೇ ಇಲ್ಲಿಂದ. ಕಂಪನಿಯು ಒಡೆಯರ ವಂಶದ ಎಳೆಯ ಹುಡುಗನನ್ನು ಗಾದಿಗೆ ಕೂರಿಸಿ ಅದೇ 1799ರಲ್ಲಿ ಒಂದು ಕರಾರು ಬರೆಸಿಕೊಂಡಿತು. ಮೈಸೂರಿನ ರಕ್ಷಣೆಗೆ ಕಂಪನಿ ದಂಡು ಇಡುತ್ತದೆ, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ತಿಂಗಳು ತಿಂಗಳ ಕಂತಿನಲ್ಲಿ ಕೊಡಬೇಕು. ರೂಪಾಯಿ ಲೆಕ್ಕದಲ್ಲಿ 24 ಲಕ್ಷ 50 ಸಾವಿರ. ಆ ಹಣಕ್ಕೆ ಧಕ್ಕೆ ಬರುತ್ತದೆ ಅನ್ನಿಸಿದರೆ ಆಡಳಿತವನ್ನೇ ಕಂಪನಿ ವಹಿಸಿಕೊಳ್ಳಬಹುದು ಅಂತಲೂ ಬರೆದಿತ್ತು. ಮನೆಗೆ ನುಗ್ಗಿ ಯಜಮಾನನನ್ನು ಕೊಂದವನು ಕಾವಲಿಗೆ ಕೂತು ಸಂಬಳ ಕೇಳಿದ ಹಾಗೆ.

ಈ ಕಾವಲು ಕೂಲಿ ಬೆಟ್ಟದ ಕೆಳಗಿನ ಹೊಲಗಳಿಂದಲೇ ಹುಟ್ಟಬೇಕಿತ್ತು. ಅಮಲ್ದಾರರು ಇಷ್ಟು ವಸೂಲಿ ಮಾಡಿಯೇ ಕೊಡುತ್ತೇವೆ ಅಂತ ಶರತ್ತು ಬರೆದುಕೊಟ್ಟು ರೈತರನ್ನು ಹಿಂಡಿದರು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಎದ್ದರು. ಅವರನ್ನು ಅಡಗಿಸಲು ಬಂದದ್ದು 'ರಕ್ಷಣೆ'ಯ ದಂಡೇ. 1831ರಲ್ಲಿ ಬೆಂಟಿಂಕ್ ಆ ಕರಾರಿನ ಕಲಮನ್ನೇ ಮುಂದೆ ಹಿಡಿದು ಮೈಸೂರಿನ ಆಡಳಿತ ಕಿತ್ತುಕೊಂಡ. ಮುಂದೆ ಕಮಿಷನರ್ ಆದ ಕಬ್ಬನ್ ಸಾಹೇಬ ಬೇಸಿಗೆ ಕಳೆಯಲು ನಂದಿಬೆಟ್ಟದ ಮೇಲೆಯೇ ಬಂಗಲೆ ಕಟ್ಟಿದ. ಕಪ್ಪವನ್ನು 1896ರಲ್ಲಿ 35 ಲಕ್ಷಕ್ಕೆ ಏರಿಸಿದರು, ಮೂವತ್ತೆರಡು ವರ್ಷ ಆದ ಮೇಲೆ ಮತ್ತೆ ಹಳೆಯ ಲೆಕ್ಕಕ್ಕೆ ಇಳಿಸಿದರು. ರಕ್ಷಿಸಿಕೊಂಡವರಿಗೆ ಮಾತ್ರ ಗುಂಡೇ ಗತಿಯಾಯಿತು. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಅಂತ ಜನರ ಲೆಕ್ಕ. ಸರ್ಕಾರದ ಲೆಕ್ಕ ತೀರಾ ಕಡಿಮೆ.

ದಂಡಿಗೆ ಮೈ ಕೊಟ್ಟ ಜಾತಿಗಳ ಗತಿ ಏನಾಯಿತು? ಕಂಪನಿ ಗೆಲ್ಲುವ ತನಕ ಮಹಾರರು ಬೇಕಿತ್ತು, ಪರಯರು ಬೇಕಿತ್ತು. ನಾಡೆಲ್ಲ ಕೈಗೆ ಬಂದ ಮೇಲೆ 'ಯೋಧ ಜಾತಿ' ಎಂಬ ಸಿದ್ಧಾಂತ ಹುಟ್ಟಿತು. 1890ರ ದಶಕದ ಮೊದಲಲ್ಲಿ ಮಹಾರರ ಭರ್ತಿಯನ್ನೇ ನಿಲ್ಲಿಸಿದರು. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರು ಆ ದಂಡಿನಲ್ಲಿ ಸುಬೇದಾರರಾಗಿದ್ದವರು. ಎರಡನೆಯ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ, 1941ರಲ್ಲಿ, ಮಹಾರ್ ರೆಜಿಮೆಂಟು ಕಟ್ಟಿದರು. ಅದೇ ಯುದ್ಧದಲ್ಲಿ ಶಿಡ್ಲಘಟ್ಟದಂಥ ಊರುಗಳ ರೇಷ್ಮೆಗೂ ಕಾಲ ಬಂತು. ಜಪಾನಿನ ರೇಷ್ಮೆ ನಿಂತು ಹೋಗಿ ಪ್ಯಾರಾಚೂಟಿಗೆ ಮೈಸೂರು ರೇಷ್ಮೆ ಬೇಕಾಯಿತು, ಗೂಡಿನ ಬೆಲೆ ಏರಿತು. ಯುದ್ಧ ಮುಗಿದದ್ದೇ ಬೇಡಿಕೆ ಕುಸಿಯಿತು. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವರ ಬೆರಳು ಎರಡೂ ಕಾಲದಲ್ಲಿ ಒಂದೇ ಥರ ಬೆಂದಿತು.

1945ರಲ್ಲಿ ವಿಶ್ವಸಂಸ್ಥೆಯ ಸನ್ನದು ಬಂತು. ಯಾವ ದೇಶವೂ ಇನ್ನೊಂದರ ಮೇಲೆ ಬಲ ಬಳಸಬಾರದು, ಆತ್ಮರಕ್ಷಣೆಗೆ ಮಾತ್ರ ಅಡ್ಡಿಯಿಲ್ಲ ಎಂದು 51ನೆಯ ವಿಧಿ ಹೇಳಿತು. ಪಿಟ್ಟನ ಕಾಯಿದೆಯ ಹಿತ್ತಿಲ ಬಾಗಿಲೇ ಇದು. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಬಿದ್ದದ್ದು ಅಲ್ಲಿ ಮಹಾ ವಿನಾಶದ ಅಸ್ತ್ರಗಳಿವೆ ಅಂತ. ಹುಡುಕಿದರೆ ಸಿಗಲಿಲ್ಲ. 2022ರಲ್ಲಿ ಯುಕ್ರೇನಿನ ಮೇಲೆ ದಂಡು ಕಳಿಸುವಾಗ ಪುಟಿನ್ ಅದೇ 51ನೆಯ ವಿಧಿಯ ಹೆಸರು ಹೇಳಿದರು. ನಮ್ಮಲ್ಲೂ ಬಾಂಗ್ಲಾ ಯುದ್ಧದ ವರ್ಷ 1971ರಲ್ಲಿ ಆಂತರಿಕ ಭದ್ರತೆಗೆ ಅಂತ ಮೀಸಾ ಕಾಯಿದೆ ಬಂತು. ಯುದ್ಧ ಎರಡು ವಾರದಲ್ಲಿ ಮುಗಿಯಿತು, ಕಾಯಿದೆ ಉಳಿಯಿತು. 1975ರ ಜೂನಿನಿಂದ ಅದು ತುಂಬಿಸಿದ್ದು ನಮ್ಮ ಜೈಲುಗಳನ್ನೇ.

ಗೌರಿಬಿದನೂರಿನ ಹತ್ತಿರ 1965ರಲ್ಲಿ ಅಣುಶಕ್ತಿ ಇಲಾಖೆಯವರು ಇಂಗ್ಲೆಂಡಿನವರ ಜೊತೆ ಸೇರಿ ಒಂದು ಭೂಕಂಪನ ಕೇಂದ್ರ ಮಾಡಿದರು. ಹೊಲಗಳ ನಡುವೆ ಉದ್ದಕ್ಕೂ ಯಂತ್ರಗಳನ್ನು ನೆಲದಲ್ಲಿ ಹೂತಿಟ್ಟಿದ್ದಾರೆ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ನೆಲದೊಳಗೆ ಅಣುಬಾಂಬು ಸಿಡಿಸಿದರೂ ಪತ್ತೆ ಹಚ್ಚುವುದು ಅದರ ಕೆಲಸ. 1998ರ ಮೇ 11ರಂದು ಪೋಖ್ರಾನಿನಲ್ಲಿ ನಮ್ಮವರು ಸಿಡಿಸಿದರು, ದೇಶದ ಭದ್ರತೆಗೆ ಅಂದರು. ಮೇ 28ರಂದು ಚಾಗೈ ಬೆಟ್ಟದಲ್ಲಿ ಪಾಕಿಸ್ತಾನದವರು ಸಿಡಿಸಿದರು, ಅವರೂ ಭದ್ರತೆಗೇ ಅಂದರು. ಚಾಗೈನ ನಡುಕ ಗೌರಿಬಿದನೂರಿನ ಕಾಗದದ ಮೇಲೆ ಗೀಟಾಗಿ ಮೂಡಿತು. ಮಾರನೆಯ ವರ್ಷ ಮೇ ತಿಂಗಳಲ್ಲಿ, ಶ್ರೀರಂಗಪಟ್ಟಣ ಬಿದ್ದು ಸರಿಯಾಗಿ ಇನ್ನೂರು ವರ್ಷಕ್ಕೆ, ಕಾರ್ಗಿಲ್ ಯುದ್ಧ ಶುರುವಾಯಿತು. ನಮ್ಮ ಕಡೆಯಲ್ಲೇ ಐನೂರಕ್ಕೂ ಹೆಚ್ಚು ಸೈನಿಕರು ಸತ್ತರು.