ಕೈ ಖಾಲಿಯಾದವರೇ ಗೆದ್ದವರು

ಪುಣೆಯ ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ ಮನೆಬಳಕೆಯ ವಸ್ತುಗಳಿಗೆ ಹೆಸರಾದದ್ದು. 1920ರ ಸುಮಾರಿಗೆ ದಿನಕರ ಕೇಳಕರರು ಒಂದೊಂದಾಗಿ ಕೂಡಿಸತೊಡಗಿದ ದೀಪ, ಅಡಕತ್ತರಿ, ವಾದ್ಯಗಳ ಈ ರಾಶಿಯಲ್ಲಿ ಗಂಜೀಫಾ ಎಲೆಗಳೂ ಇವೆ. ದುಂಡಗಿನ ಎಲೆಗಳು, ಕೈಯಿಂದ ಬರೆದ ಚಿತ್ರಗಳು. ಆದರೆ ಪುಣೆಯ ವಾಡೆಗಳಲ್ಲಿ ಬೇಸಗೆ ರಜೆಯ ಮಧ್ಯಾಹ್ನಗಳನ್ನು ನುಂಗಿದ್ದು ಈ ಎಲೆಗಳಲ್ಲ. ಬದಾಮ್ ಸತ್ತಿ, ಝಬ್ಬು ಮುಂತಾದ ಆಟಗಳಿಗೆ ಬೇಕಾದದ್ದು ಮೂಲೆ ಮಡಿಚಿಹೋದ ಒಂದು ಇಸ್ಪೀಟು ಕಟ್ಟು ಮತ್ತು ಚಾಪೆ. ಅವು ಯಾವ ಗಾಜಿನ ಪೆಟ್ಟಿಗೆಗೂ ಸೇರಿಲ್ಲ. ಅವುಗಳ ಚರಿತ್ರೆ ಉಳಿದಿರುವುದು ಆಡುವವರ ಮಾತಿನಲ್ಲಿ.

ಗಂಜೀಫಾಗೆ ಬರಹದ ದಾಖಲೆ ಧಾರಾಳವಾಗಿದೆ. 1527ರಲ್ಲಿ ಬಾಬರ್ ಸಿಂಧದ ಶಾ ಹಸನ್‌ಗೆ ಗಂಜೀಫಾ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಕ್ಬರನ ಆಸ್ಥಾನದ ಆಟವನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸಿದ್ದಾನೆ. ಮೊಘಲ್ ಕಟ್ಟಿನಲ್ಲಿ 8 ಜಾತಿ, 96 ಎಲೆ. ದಶಾವತಾರದ ಕಟ್ಟಿನಲ್ಲಿ 10 ಜಾತಿ, 120 ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇದು ಇನ್ನೂ ಬೆಳೆದು, ಅವರ ಚಾಮುಂಡೇಶ್ವರಿ ಛದದಲ್ಲಿ ಎಲೆಗಳ ಸಂಖ್ಯೆ 320ಕ್ಕೆ ಮುಟ್ಟಿತು. ಪ್ರತಿ ಜಾತಿಗೂ ಒಬ್ಬ ರಾಜ, ಒಬ್ಬ ಮಂತ್ರಿ, ರಾಣಿ ಇಲ್ಲ. ಅರ್ಧ ಜಾತಿಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದು ದೊಡ್ಡದು. ಹಗಲಲ್ಲಿ ಆಡಿದರೆ ಒಂದು ಜಾತಿಯಿಂದ ಆರಂಭ, ರಾತ್ರಿಯಾದರೆ ಬೇರೊಂದರಿಂದ. ದುಂಡಗಿನ ಎಲೆಗಳನ್ನು ಇಸ್ಪೀಟಿನಂತೆ ಕೈಯಲ್ಲಿ ಕಲಸಲಾಗದು, ಬಟ್ಟೆಯ ಮೇಲೆ ಮಗುಚಿ ಹರಡಿ ಬೆರೆಸಬೇಕು. ಇದು ನಿಧಾನದ ಆಟ, ಪುರುಸೊತ್ತಿರುವವರ ಆಟ. ಅದಕ್ಕಿಂತ ಮುಖ್ಯವಾಗಿ, ಇದು ಗಳಿಕೆಯ ಆಟ: ಎದುರಾಳಿಯ ಎಲೆಗಳನ್ನು ಹೆಚ್ಚು ಹೆಚ್ಚು ಗೆದ್ದುಕೊಂಡವನೇ ಮೇಲು.

ಆಯತಾಕಾರದ 52 ಎಲೆಗಳ ಕಟ್ಟು ಯುರೋಪಿನಿಂದ ಬಂತು. ಬಂದ ದಾರಿಯ ಗುರುತು ಜಾತಿಗಳ ಹೆಸರಿನಲ್ಲಿದೆ. ಪುಣೆಯ ಮರಾಠಿಯಲ್ಲಿ ಅವು ಬದಾಮ್, ಚೌಕಟ್, ಕಿಲವರ್, ಇಸ್ಪಿಕ್. ಬದಾಮ್ ಮತ್ತು ಚೌಕಟ್ ಕಣ್ಣಿಗೆ ಕಂಡ ಆಕಾರಕ್ಕೆ ಇಟ್ಟ ಹೆಸರುಗಳು: ಹೃದಯ ಎಂದು ಯಾರೂ ಹೇಳಿಕೊಡದಿದ್ದಾಗ ಅದು ಬಾದಾಮಿಯಂತೆ ಕಂಡಿತು, ನಾಲ್ಕು ಮೂಲೆಯದ್ದು ನಮ್ಮ ಚೌಕಟ್ಟೇ. ಕಿಲವರ್ ಮಾತ್ರ ಡಚ್ಚರ ‘ಕ್ಲಾವರ್’, ಅಂದರೆ ಮೂರೆಲೆಯ ಹುಲ್ಲು. ಕನ್ನಡದ ಕಳಾವರ್ ಕೂಡ ಅದೇ. ನಮ್ಮ ಆಟೀನ್ ಡಚ್ಚರ ‘ಹಾರ್ಟೆನ್’, ನಮ್ಮ ತುರುಪು ಅವರ ‘ತ್ರೂಫ್’. 17ನೇ ಶತಮಾನದಲ್ಲಿ ಡಚ್ಚರ ಕೋಠಿ ಕೊಂಕಣದ ವೆಂಗುರ್ಲೆಯಲ್ಲಿತ್ತು. 1663ರಲ್ಲಿ ಅವರು ಕೊಚ್ಚಿಯನ್ನೂ ಹಿಡಿದರು. ಪೇಶ್ವೆಯರು ಸೋತು ಪುಣೆ ಇಂಗ್ಲಿಷರ ದಂಡಿನ ಊರಾದದ್ದು 1817-18ರಲ್ಲಿ. ಆದರೂ ಇಸ್ಪೀಟಿನ ಹೆಸರುಗಳಲ್ಲಿ ಇಂಗ್ಲಿಷರಿಗಿಂತ ಹಳೆಯ ವ್ಯಾಪಾರಿಗಳ ನೆರಳಿದೆ. ಒಂದು ವಿಷಯದಲ್ಲಿ ಎರಡೂ ಭಾಷೆಗಳು ಯಾರ ಹಂಗೂ ಇಲ್ಲದೆ ಒಂದೇ ದಾರಿ ಹಿಡಿದಿವೆ: ಮರಾಠಿಯಲ್ಲಿ ಕಾರ್ಡು ‘ಪಾನ’, ಕನ್ನಡದಲ್ಲಿ ‘ಎಲೆ’.

ಹೊಸ ಕಟ್ಟಿನಲ್ಲಿ ಹಳೆಯ ಬಗೆಯ ಆಟಗಳೂ ಮುಂದುವರಿದವು. ಮೆಂಢಿಕೋಟ್‌ನಲ್ಲಿ ಹುಕುಂ ಇದೆ, ಹತ್ತುಗಳನ್ನು ಬಾಚುವ ಹಟ ಇದೆ. ಮಕ್ಕಳ ‘ಭಿಕಾರ್ ಸಾವಕಾರ್’ ಕೂಡ ಗಳಿಕೆಯ ಆಟವೇ. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (1861) ಕಾದಂಬರಿಯಲ್ಲಿ ಎಸ್ಟೆಲಾ ಪಿಪ್‌ನನ್ನು ಬರಿಗೈ ಮಾಡುವ ಆಟಕ್ಕೆ ಇದು ಹತ್ತಿರದ ನೆಂಟ. ಇಂಗ್ಲಿಷಿನ ಹೆಸರಿನಲ್ಲಿ ಭಿಕಾರಿಯಾಗುವ ನೆರೆಯವ ಮಾತ್ರ ಇದ್ದಾನೆ. ಮರಾಠಿಯ ಹೆಸರು ಅವನ ಎದುರು ಸಾವುಕಾರನನ್ನು ತಂದು ಕೂರಿಸಿತು. 1875ರ ಮೇ 12ರಂದು ಇದೇ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವುಕಾರರ ಮನೆ, ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಆ ಸೀಮೆಯ ಮಕ್ಕಳಿಗೆ ಈ ಜೋಡಿಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬದಾಮ್ ಸತ್ತಿ ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. 52 ಎಲೆಗಳನ್ನೂ ಹಂಚಬೇಕು. ಬದಾಮ್‌ನ ಏಳು, ಅಂದರೆ ಸತ್ತಿ, ಯಾರ ಕೈಯಲ್ಲಿದೆಯೋ ಅವರು ಅದನ್ನು ನೆಲಕ್ಕೆ ಇಳಿಸುತ್ತಾರೆ. ಮುಂದಿನವರು ಅದರ ಒಂದು ಬದಿಗೆ ಆರು ಅಥವಾ ಇನ್ನೊಂದು ಬದಿಗೆ ಎಂಟು ಇಡಬಹುದು; ಇಲ್ಲವೇ ಬೇರೆ ಜಾತಿಯ ಸತ್ತಿ ಇಳಿಸಿ ಹೊಸ ಸಾಲು ತೆರೆಯಬಹುದು. ಸಾಲು ಕೆಳಗೆ ಎಕ್ಕದವರೆಗೆ, ಮೇಲೆ ರಾಜನವರೆಗೆ ಬೆಳೆಯುತ್ತದೆ. ಇಡಲು ಎಲೆಯಿಲ್ಲದಿದ್ದರೆ ‘ಪಾಸ್’. ಎಲೆ ಇದ್ದೂ ಪಾಸ್ ಎನ್ನುವಂತಿಲ್ಲ. ಮೊದಲು ಕೈ ಖಾಲಿ ಮಾಡಿದವರು ಗೆದ್ದರು.

ಒಂದೊಂದು ಸರದಿಗೆ ಎರಡು ಮೂರು ಕ್ಷಣ ಸಾಕು, ಆದರೆ ಆ ಕ್ಷಣದಲ್ಲೇ ಆಟದ ಗುಟ್ಟಿದೆ. ಇಡಬಹುದಾದ ಎಲೆಗಳು ಎರಡಿದ್ದಾಗ ಯಾವುದನ್ನು ಬಿಡಬೇಕು? ಕಿಲವರ್ ಸತ್ತಿ ನಿಮ್ಮ ಕೈಯಲ್ಲಿದ್ದು, ಆ ಜಾತಿಯ ಬೇರೆ ಎಲೆ ಇಲ್ಲದಿದ್ದರೆ, ಅದನ್ನು ತಡೆಹಿಡಿದಷ್ಟು ಹೊತ್ತು ಉಳಿದವರ ಹನ್ನೆರಡು ಕಿಲವರ್‌ಗಳು ಅವರವರ ಕೈಯಲ್ಲೇ ಕೊಳೆಯುತ್ತವೆ. ನಿಮ್ಮ ಬಳಿ ಇಸ್ಪಿಕ್‌ನ ರಾಜನಿದ್ದರೆ ಮಾತು ಬೇರೆ. ಅವನು ಇಳಿಯಬೇಕಾದರೆ ಎಂಟರಿಂದ ರಾಣಿಯವರೆಗೆ ಐದು ಎಲೆ ಬಿದ್ದಿರಬೇಕು, ಹಾಗಾಗಿ ಆ ದಾರಿಯನ್ನು ಬೇಗ ತೆರೆಯುವುದೇ ಲಾಭ. ಇಂಗ್ಲೆಂಡಿನಲ್ಲಿ ಇದೇ ಆಟ ‘ಸೆವೆನ್ಸ್’, ಜಪಾನಿನಲ್ಲಿ ‘ಶಿಚಿನರಾಬೆ’. ಗಂಜೀಫಾದಲ್ಲಿ ಮೆರೆದ ರಾಜ ಇಲ್ಲಿ ಸಾಲಿನ ತುದಿಯಲ್ಲಿ ತನ್ನ ಸರದಿಗೆ ಕಾಯುವ ಹೊರೆ.

ಝಬ್ಬು ಇನ್ನೂ ಚುರುಕು. ಮೊದಲಿನವರು ಒಂದು ಎಲೆ ಹಾಕಿದರೆ ಎಲ್ಲರೂ ಅದೇ ಜಾತಿಯದ್ದನ್ನು ಹಾಕಬೇಕು. ಎಲ್ಲರೂ ಹಾಕಿದರೆ ಆ ಎಲೆಗಳು ಆಟದಿಂದ ಹೊರಗೆ. ದೊಡ್ಡದು ಹಾಕಿದವರು ಮುಂದಿನ ಸುತ್ತು ಆರಂಭಿಸುತ್ತಾರೆ. ನಡುವೆ ಯಾರಿಗಾದರೂ ಆ ಜಾತಿ ಮುಗಿದಿದ್ದರೆ ಅವರು ಬೇರೆ ಜಾತಿಯ ಎಲೆ ಎಸೆಯುತ್ತಾರೆ. ಅದೇ ಝಬ್ಬು. ಸುತ್ತು ಅಲ್ಲಿಗೇ ನಿಲ್ಲುತ್ತದೆ, ಅಷ್ಟರಲ್ಲಿ ದೊಡ್ಡ ಎಲೆ ಹಾಕಿದ್ದವರು ಬಿದ್ದದ್ದನ್ನೆಲ್ಲ ಎತ್ತಿಕೊಳ್ಳಬೇಕು. ನಾಲ್ವರಿದ್ದರೆ ಒಂದು ಜಾತಿಯ ಎರಡು ಸುತ್ತಿಗೆ 8 ಎಲೆ ಹೋಗುತ್ತವೆ, 5 ಉಳಿಯುತ್ತವೆ. ಮೂರನೆಯ ಸುತ್ತಿಗೆ ಅದೇ ಜಾತಿಯ ಎಕ್ಕವನ್ನು ಹಾಕುವವರು ಝಬ್ಬನ್ನು ಕೇಳಿ ಪಡೆದಂತೆ. ಆದ್ದರಿಂದ ದೊಡ್ಡ ಎಲೆಗಳನ್ನು ಮೊದಲೇ ಕಳಚಿ, ಚಿಕ್ಕವನ್ನು ಕೊನೆಗೆ ಉಳಿಸಿಕೊಳ್ಳುವುದು ಜಾಣತನ. ಮರಾಠಿಯಲ್ಲಿ ‘ಝಬ್ಬು ಕೊಡುವುದು’ ಎಂಬ ಮಾತು ಆಟದಿಂದ ಹೊರಗೂ ನಡೆದಿದೆ: ಒಬ್ಬರು ಹಾಕಿದ ಚಿತ್ರಕ್ಕೆ ಅಂಥದ್ದೇ ತಮ್ಮದೊಂದನ್ನು ಸೇರಿಸುವುದೂ ಈಗ ಝಬ್ಬು.

ಈ ಬಗೆಯ ಆಟದಲ್ಲಿ ಗೆದ್ದವರಿಗೆ ಹೆಸರಿಲ್ಲ, ಸೋತವರಿಗಿದೆ. ಪಂಜಾಬಿನಲ್ಲಿ ಕೊನೆಗೆ ಎಲೆ ಉಳಿದವರು ‘ಭಾಭಿ’. ಮನೆಯ ಹೊರೆಯೆಲ್ಲ ಯಾರ ತಲೆಗೆ ಬೀಳುತ್ತದೆಂದು ಆ ಹೆಸರಿಗೇ ಗೊತ್ತು. ಕೇರಳದಲ್ಲಿ ‘ಕಳುದ’, ನಮ್ಮಲ್ಲಿ ‘ಕತ್ತೆ’. ರಷ್ಯದ ‘ದುರಾಕ್’ ಆಟದ ರೀತಿ ಬೇರೆ, ಆದರೆ ಅಲ್ಲೂ ಕೊನೆಗೆ ಉಳಿಯುವವ ಮೂರ್ಖನೇ. ಭಿಕಾರ್ ಸಾವಕಾರ್‌ನಲ್ಲಿ ಎಲ್ಲ ಎಲೆ ಕೂಡಿಹಾಕಿದವನು ಸಾವುಕಾರ; ಅದೇ ಚಾಪೆಯ ಮೇಲೆ, ಅದೇ ಕಟ್ಟಿನಲ್ಲಿ, ಝಬ್ಬು ಆಡುವಾಗ ಎಲ್ಲ ಎಲೆ ಕೂಡಿದವನು ಪೆದ್ದ.

ಹೆಸರೇ ದಂಡವಾದದ್ದರಿಂದ ಇಲ್ಲಿ ಹಣ ಬೇಕಾಗಲಿಲ್ಲ. ಹಣ ಇಲ್ಲದ್ದರಿಂದ ಕಾಯಿದೆಯ ಕಣ್ಣಿಗೂ ಇವು ಬೀಳಲಿಲ್ಲ. ಪುಣೆಗೆ ಅನ್ವಯಿಸುವ ಜೂಜು ತಡೆ ಕಾಯಿದೆ 1887ರದ್ದು. ಬರೀ ಕೌಶಲದ ಆಟಕ್ಕೆ ಅದರಲ್ಲಿ ವಿನಾಯಿತಿ ಇದೆ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕಾದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯಿದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಹೀಗೆ ಗಂಜೀಫಾದ ಚರಿತ್ರೆ ಅರಮನೆಯಲ್ಲಿ, ರಮ್ಮಿಯ ಚರಿತ್ರೆ ನ್ಯಾಯಾಲಯದಲ್ಲಿ ಬರೆಯಲ್ಪಟ್ಟಿತು. ಝಬ್ಬಿನಲ್ಲೂ ಬಿದ್ದ ಎಲೆಗಳನ್ನು ನೆನಪಿಡಲೇಬೇಕು, ಆದರೆ ಅದರ ಕೌಶಲವನ್ನು ಯಾವ ನ್ಯಾಯಾಧೀಶರೂ ತೂಗಿ ನೋಡಬೇಕಾಗಲಿಲ್ಲ. ಅಜ್ಜಿಯರು, ಮಕ್ಕಳು, ಊಟ ಮುಗಿಸಿ ಕೂತ ಹೆಂಗಸರು ಆಡಿದ್ದನ್ನು ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಅದರಿಂದ ಆಗುವ ನಷ್ಟ ಈಗ ಕಾಣತೊಡಗಿದೆ. 1971ರಲ್ಲಿ ಅಮೆರಿಕದ ಒಹಾಯೋದ ಕ್ಷೌರಿಕ ಮರ್ಲ್ ರಾಬಿನ್ಸ್ ರೂಪಿಸಿದ ‘ಊನೋ’ ಕೂಡ ಕೈ ಖಾಲಿ ಮಾಡುವ ಆಟವೇ. ಮಕ್ಕಳು ಅದನ್ನು ಖುಷಿಯಿಂದ ಆಡುತ್ತಾರೆ, ಆಟದ ಚುರುಕು ಎಲ್ಲಿಯೂ ಹೋಗಿಲ್ಲ. ಆದರೆ ಅದರ ಕೆಂಪು ಏಳು ಬರೀ ‘ರೆಡ್ ಸೆವೆನ್’. ಅದು ಬದಾಮೂ ಅಲ್ಲ, ಆಟೀನೂ ಅಲ್ಲ, ಸತ್ತಿಯೂ ಅಲ್ಲ. ಪುಣೆಯ ಕನ್ನಡದ ಮನೆಯಲ್ಲಿ ತಾಯಿ ಕಳಾವರ್ ಎಂದಾಗ ವಾಡೆಯಲ್ಲಿ ಆಡಿ ಬಂದ ಮಗು ಕಿಲವರ್ ಎಂದು ತಿದ್ದುತ್ತದೆ. ಇಬ್ಬರೂ ಹೇಳುತ್ತಿರುವುದು ಒಂದೇ ಡಚ್ ಮಾತನ್ನು. ಅದು ಮುಂದಿನ ಪೀಳಿಗೆಗೆ ದಾಟಬೇಕಾದರೆ ಮಾಡಬೇಕಾದದ್ದು ಇಷ್ಟೇ: 52 ಎಲೆ ಕಲಸಿ, ಪೂರ್ತಿ ಹಂಚಿ, ಬದಾಮ್ ಸತ್ತಿ ಯಾರ ಹತ್ತಿರ ಇದೆ ಎಂದು ಕೇಳುವುದು.